ರೀಲ್ ಓಡಿದೆ, ಬಾಟಲಿ ಹೋಗಿಲ್ಲ: ಮಿಡಿ ಉಪ್ಪಿನಕಾಯಿ ಘಟಕಕ್ಕೆ ವಿಡಿಯೊ ಪ್ರಚಾರ ಹೇಗೆ?

ಮಿಡಿಭರಣಿ

ನಮ್ಮದು ಸಾಗರ ಕಡೆಯ ಮನೆ ಘಟಕ. ಸರಕು ಒಂದೇ: ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, 500 ಗ್ರಾಂ ಗಾಜಿನ ಬಾಟಲಿ. ಬೆಲೆ 300 ರೂಪಾಯಿ. ಮಿಡಿ, ಮಸಾಲೆ, ಕೂಲಿ, ಬಾಟಲಿ, ಲೇಬಲ್ ಎಲ್ಲ ಸೇರಿ ಖರ್ಚು 180. ವರ್ಷಕ್ಕೆ 600 ಬಾಟಲಿ ಆಗುತ್ತದೆ. ಅದರಲ್ಲಿ 400 ಹಳೆ ಗಿರಾಕಿಗಳಿಗೇ ಹೋಗುತ್ತದೆ.

ಉಳಿದ 200ಕ್ಕಾಗಿ ಇನ್‌ಸ್ಟಾಗ್ರಾಂನಲ್ಲಿ ರೀಲ್ ಹಾಕಲಾಗಿದೆ. ಒಂದು ರೀಲ್‌ಗೆ 38 ಸಾವಿರ ವೀಕ್ಷಣೆ, ಸುಮಾರು 50 ಮೆಸೇಜ್, ಆರ್ಡರ್ ಮೂರೇ ಮೂರು. ಮೆಸೇಜ್ ಮಾಡಿದವರಲ್ಲಿ ಹೆಚ್ಚಿನವರು ‘ಪ್ರೈಸ್ ಪ್ಲೀಸ್’ ಅಂದು ಸುಮ್ಮನಾಗಿದ್ದಾರೆ. ತಪ್ಪು ವಿಡಿಯೊದಲ್ಲಿದೆಯೋ, ಬೆಲೆಯಲ್ಲಿದೆಯೋ? ಯೂಟ್ಯೂಬ್ ಕೂಡ ಶುರು ಮಾಡಬೇಕಾ? ದುಡ್ಡು ಕೊಟ್ಟು ಬೂಸ್ಟ್ ಮಾಡುವುದು ಸರಿಯಾ? ಮಿಡಿ ಕಾಲ ಹತ್ತಿರ ಬಂತು, ಈ ಸಲ ಮೊದಲಿಂದಲೇ ಸರಿಯಾಗಿ ಶೂಟ್ ಮಾಡುವ ಆಲೋಚನೆ ಇದೆ.

ಲೆಕ್ಕದಪುಸ್ತಕ

ಮೊದಲು ಗುರಿಯನ್ನು ಚಿಕ್ಕದು ಮಾಡಿಕೊಳ್ಳಿ. ಮಾರಬೇಕಿರುವುದು 200 ಬಾಟಲಿ. ಒಬ್ಬರು ಎರಡು ಬಾಟಲಿ ತೆಗೆದುಕೊಂಡರೆ 100 ಹೊಸ ಮನೆ ಸಾಕು. ಆರು ತಿಂಗಳಲ್ಲಿ 26 ವಾರ ಅಂದರೆ ವಾರಕ್ಕೆ ನಾಲ್ಕು ಮನೆ. ನಿಮಗೆ ಬೇಕಾಗಿರುವುದು ಇಷ್ಟೇ. 38 ಸಾವಿರ ಜನ ನೋಡುವ ಅಗತ್ಯವೇ ಇಲ್ಲ, ಲಕ್ಷ ಜನ ನೋಡಿದರೆ ಕೊಡಲು ಸರಕೂ ಇಲ್ಲ.

ಇನ್ನು 50 ಮೆಸೇಜ್‌ನಲ್ಲಿ ಮೂರು ಆರ್ಡರ್ ಯಾಕೆ? ಬೆಲೆ ಕೇಳಿದವರಿಗೆ ಉತ್ತರ ಎಷ್ಟು ಹೊತ್ತಿಗೆ ಹೋಯಿತು ನೋಡಿ. ರಾತ್ರಿ ಒಂಬತ್ತೂವರೆಗೆ ಊಟದ ನಂತರ ರೀಲ್ ನೋಡಿ ಕೇಳಿದವರಿಗೆ ಮರುದಿನ ಹತ್ತು ಗಂಟೆಗೆ ‘300’ ಅಂತ ಉತ್ತರ ಹೋದರೆ ಬಾಯಲ್ಲಿ ಬಂದಿದ್ದ ನೀರು ಅಷ್ಟರಲ್ಲಿ ಆರಿರುತ್ತದೆ. ಮೇಲಿಂದ ‘ಕೊರಿಯರ್ ಬೇರೆ’ ಅಂದರೆ ಅವರು ಮತ್ತೆ ಎಷ್ಟು ಅಂತ ಕೇಳಬೇಕು. ಈ ಎರಡನೇ ಪ್ರಶ್ನೆ ಕೇಳಿಸಿಕೊಳ್ಳುವ ಹಂತದಲ್ಲೇ ಹೆಚ್ಚಿನ ಆರ್ಡರ್ ಬಿದ್ದುಹೋಗುವುದು.

ಬೆಲೆಯನ್ನು ರೀಲ್‌ನಲ್ಲೇ ಹೇಳಿ. ಅದೂ ಮನೆ ಬಾಗಿಲಿಗೆ ತಲುಪಿಸುವ ಒಟ್ಟು ಬೆಲೆ: ‘ಎರಡು ಬಾಟಲಿ, ಕರ್ನಾಟಕದೊಳಗೆ ಎಲ್ಲಿಗಾದರೂ, ಕೊರಿಯರ್ ಸೇರಿ ಇಷ್ಟು’. ಬೆಲೆ ಮುಚ್ಚಿಟ್ಟರೆ ಮೆಸೇಜ್ ಹೆಚ್ಚು ಬರುತ್ತದೆ ಅನ್ನುವುದು ನಿಜ. ಆದರೆ ಬರುವುದು ಕೊಳ್ಳದವರ ಮೆಸೇಜ್.

ಪೇಡೆಯೂರು

ಲೆಕ್ಕದಪುಸ್ತಕದವರು ಹೇಳಿದ್ದು ಖರೇ. ವಿಡಿಯೊ ಕಡೀಕ ಇಡ್ರಿ, ಮೊದಲ ಆರ್ಡರ್ ಹಿಡಿಯೋ ಬುಟ್ಟಿ ಸರಿ ಮಾಡ್ರಿ. ಒಂದು ಮುಂಜಾನಿ ಕೂತರ ಮುಗಿಯೂ ಕೆಲಸ.

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಬ್ಯಾರೆ ನಂಬರಿಗೆ ಹಾಕ್ರಿ, ಮನಿ ನಂಬರ್ ಬ್ಯಾಡ. ಕ್ಯಾಟಲಾಗ್‌ನಾಗ 500 ಸಾಮಾನು ತನಕ ಹಾಕಲಿಕ್ಕೆ ಜಾಗ ಐತಿ, ನಿಮಗ ಬೇಕಾಗಿದ್ದು ಮೂರ: ಒಂದು ಬಾಟಲಿ, ಎರಡು ಬಾಟಲಿ, ನಾಕು ಬಾಟಲಿ. ಪ್ರತಿಯೊಂದಕ್ಕೂ ಫೋಟೊ, ತೂಕ, ಕೊರಿಯರ್ ಸೇರಿಸಿದ ಬೆಲಿ.

ಗ್ರೀಟಿಂಗ್ ಮೆಸೇಜ್ ಆನ್ ಮಾಡ್ರಿ. ಮೊದಲ ಸಲ ಬರೆದವರಿಗೆ, ಮತ್ತ 14 ದಿನ ಮಾತಿಲ್ಲದ ತಿರುಗಿ ಬಂದವರಿಗೆ ಅದು ತಾನ ಹೋಗತೈತಿ. ಅದರಾಗ ‘ಸ್ವಾಗತ, ಧನ್ಯವಾದ’ ಅಂತ ನಾಕು ಸಾಲು ಬರೀಬ್ಯಾಡ್ರಿ. ಬೆಲಿ, ಎಷ್ಟು ದಿನಕ್ಕ ಮುಟ್ಟತೈತಿ, ಆರ್ಡರ್ ಮಾಡಲಿಕ್ಕೆ ಏನು ಕಳಿಸಬೇಕು: ಹೆಸರು, ಪೂರ್ತಿ ವಿಳಾಸ, ಪಿನ್‌ಕೋಡ್, ಫೋನ್. ಅಷ್ಟ ಇರಲಿ.

ಕ್ವಿಕ್ ರಿಪ್ಲೈ ಐದಾರು ಬರೆದಿಡ್ರಿ. ಕೇಳೂ ಪ್ರಶ್ನೆ ಗೊತ್ತ ಇರ್ತಾವ: ಎಣ್ಣಿ ಹಾಕೀರೇನು? ಎಷ್ಟು ತಿಂಗಳು ಇರತೈತಿ? ಬೆಳ್ಳುಳ್ಳಿ ಐತೇನು? ಒಂದು ಬಾಟಲಿನ್ಯಾಗ ಎಷ್ಟು ಮಿಡಿ? ಫ್ರಿಜ್ಜಿನ್ಯಾಗ ಇಡಬೇಕೇನು? ಉತ್ತರ ಒಂದ ಸಲ ಛಲೋತ್ನ್ಯಾಗಿ ಬರೆದರ ಮುಂದ ಓರೆಗೆರೆ (/) ಒತ್ತಿ ಆರಿಸಿ ಕಳಿಸೂದಷ್ಟ.

ಆ ಆ್ಯಪ್‌ನಾಗ ಚಾಟ್‌ಗೆ ಹಚ್ಚೂ ಬಣ್ಣದ ಲೇಬಲ್ ನಾಕು ಮಾಡ್ಕೋರಿ: ‘ಕೇಳ್ಯಾರ’, ‘ದುಡ್ಡು ಬಂದೈತಿ’, ‘ಕಳಿಸಿದ್ದು’, ‘ಎರಡನೇ ಸಲ’. ಈ ಕಡೀ ಲೇಬಲ್ಲ ನಿಮ್ಮ ಆಸ್ತಿ ನೋಡ್ರಿ. ಮುಂದಿನ ವರ್ಷ ಹೊಸ ಭರಣಿ ತೆಗದಾಗ ಮೊದಲ ಇವರಿಗೇ ಹೇಳಬೇಕು.

ಲೆಕ್ಕದಪುಸ್ತಕ

ಇದಕ್ಕೆ ಒಂದು ಸೇರಿಸುತ್ತೇನೆ. ವಾಟ್ಸ್ಆ್ಯಪ್‌ನ ನೇರ ಕೊಂಡಿಯಲ್ಲಿ ಮೊದಲೇ ಬರೆದ ಸಂದೇಶ ಕೂರಿಸಬಹುದು. ಇನ್‌ಸ್ಟಾಗ್ರಾಂ ಬಯೋದಲ್ಲಿ ಹಾಕುವ ಕೊಂಡಿಗೆ ‘ಮಿಡಿ ಬೇಕು, ಇನ್‌ಸ್ಟಾ’, ಯೂಟ್ಯೂಬ್ ಚಾನೆಲ್ ಪುಟದ ಕೊಂಡಿಗೆ ‘ಮಿಡಿ ಬೇಕು, ಯೂಟ್ಯೂಬ್’, ಬಾಟಲಿ ಮೇಲಿನ ಕ್ಯೂಆರ್‌ಗೆ ‘ಇನ್ನೊಂದು ಬಾಟಲಿ ಬೇಕು’ ಅಂತ ಬೇರೆ ಬೇರೆ ಇಡಿ. ಯಾವ ಕಡೆಯಿಂದ ಆರ್ಡರ್ ಬಂತು ಅನ್ನುವುದಕ್ಕೆ ಬೇರೆ ಯಂತ್ರ ಬೇಡ. ಪುಸ್ತಕದಲ್ಲಿ ಕಾಲಂ ಎಳೆದು ಗೀಟು ಹಾಕಿದರೆ ಎರಡು ತಿಂಗಳಲ್ಲಿ ಸತ್ಯ ಗೊತ್ತಾಗುತ್ತದೆ.

ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಸಂದೇಶ ಬಹಳ ಜನರಿಗೆ ಕಳಿಸುವ ಪಟ್ಟಿ) ಬಗ್ಗೆ ಎಚ್ಚರ: ಒಂದು ಪಟ್ಟಿಗೆ 256 ಜನ, ಮತ್ತು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಪಾರ್ಸಲ್ ಜೊತೆ ಹೋಗುವ ಚೀಟಿಯಲ್ಲಿ ‘ಈ ನಂಬರ್ ಸೇವ್ ಮಾಡಿಕೊಳ್ಳಿ, ಹೊಸ ಭರಣಿ ತೆಗೆದಾಗ ತಿಳಿಸುತ್ತೇವೆ’ ಅಂತ ಒಂದು ಸಾಲು ಇರಲಿ. ಕೇಳದೆ ಯಾರನ್ನೂ ಗುಂಪಿಗೆ ಸೇರಿಸಬೇಡಿ. ಬ್ಲಾಕ್, ರಿಪೋರ್ಟ್ ಹೆಚ್ಚಾದರೆ ನಂಬರೇ ನಿಷೇಧಕ್ಕೆ ಹೋಗುತ್ತದೆ, ಅದರ ಜೊತೆ ಗಿರಾಕಿಗಳ ಪಟ್ಟಿಯೂ ಹೋಗುತ್ತದೆ.

ಬೆಳಕಿಂಡಿ

ವಿಡಿಯೊ ವಿಷಯಕ್ಕೆ ಬರುತ್ತೇನೆ. ಮಿಡಿ ಉಪ್ಪಿನಕಾಯಿಗೆ ಇರುವ ದೊಡ್ಡ ಅನುಕೂಲ, ದೊಡ್ಡ ತೊಡಕು ಎರಡೂ ಒಂದೇ: ಕಾಲ ಬಹಳ ಚಿಕ್ಕದು. ಒಂದು ಮರದ ಮಿಡಿ ಹದಕ್ಕೆ ಸಿಗುವುದು ಕೆಲವೇ ದಿನ, ಆಮೇಲೆ ಗೊರಟು ಬಲಿಯುತ್ತದೆ. ಆ ದಿನಗಳಲ್ಲಿ ಶೂಟ್ ಮಾಡದಿದ್ದರೆ ಮುಂದಿನ ವರ್ಷದ ತನಕ ಮರದ ಮೇಲಿನ ಗೊಂಚಲು ಸಿಗುವುದಿಲ್ಲ. ಹಾಗಾಗಿ ಆ ವಾರ ಎಡಿಟಿಂಗ್ ಬೇಡ, ಪೋಸ್ಟ್ ಬೇಡ, ಬರೀ ತುಣುಕು ಕೂಡಿಡಿ. ಭರಣಿಗೆ ತುಂಬುವ ಹಾಗೆಯೇ ಇದೂ.

ತೆಗೆಯಬೇಕಾದ ತುಣುಕು: ಮರದಲ್ಲಿ ಗೊಂಚಲು, ಬುಟ್ಟಿಯಲ್ಲಿ ಇಳಿಸುವುದು, ಚಾಪೆ ಮೇಲೆ ಹರಡಿ ಆರಿಸುವುದು, ತೊಟ್ಟು ಮುರಿದದ್ದು, ಪೆಟ್ಟು ಬಿದ್ದದ್ದು, ಹುಳುಕಿನದು ಬೇರೆ ಮಾಡುವುದು, ತೊಟ್ಟು ಚಿವುಟಿದಾಗ ಸೊನೆ ಬರುವುದು, ತೊಳೆದು ಬಟ್ಟೆ ಮೇಲೆ ನೆರಳಿನಲ್ಲಿ ಆರಿಸುವುದು, ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು, ದಿನ ಬಿಟ್ಟು ದಿನ ಕೈಯಾಡಿಸುವುದು, ಚಿರುಟಿದ ಮಿಡಿಯನ್ನು ಹಸಿ ಮಿಡಿ ಪಕ್ಕ ಇಟ್ಟು ತೋರಿಸುವುದು. ಇದಿಷ್ಟೂ ಕಾಲದ ಕೆಲಸ. ಸಾಸಿವೆ ಅರೆಯುವುದು, ಮೆಣಸು ಹುರಿಯುವುದು, ಕಲೆಸುವುದು, ಬಾಟಲಿ ತುಂಬುವುದು ವರ್ಷವಿಡೀ ಸಿಗುತ್ತದೆ, ಅದಕ್ಕೆ ಅವಸರವಿಲ್ಲ.

ಪ್ರತಿ ಕೆಲಸವನ್ನೂ ಮೂರು ಸಲ ತೆಗೆಯಿರಿ: ದೂರದಿಂದ ಇಡೀ ಅಂಗಳ, ನಡುವಿನಿಂದ ಕೂತವರ ಕೈ ಮತ್ತು ಚಾಪೆ, ಹತ್ತಿರದಿಂದ ಬೆರಳು ಮತ್ತು ಮಿಡಿ. ಒಂದೊಂದೂ 8ರಿಂದ 10 ಸೆಕೆಂಡ್, ಫೋನ್ ಅಲುಗಾಡದೆ. ಜೂಮ್ ಮಾಡಬೇಡಿ, ಫೋನ್ ಹತ್ತಿರ ಒಯ್ಯಿರಿ. 1080 ಗುಣಮಟ್ಟ, 30 ಫ್ರೇಮ್ ಸಾಕು. 4ಕೆ ಇಟ್ಟರೆ ಎರಡನೇ ದಿನಕ್ಕೆ ಫೋನ್ ತುಂಬಿ ನಿಲ್ಲುತ್ತದೆ, ರೀಲ್‌ನಲ್ಲಿ ಅದರ ಲಾಭವೂ ಕಾಣುವುದಿಲ್ಲ. ಫೋನ್ ಉದ್ದಕ್ಕೇ ಹಿಡಿಯಿರಿ. ಯೂಟ್ಯೂಬ್‌ಗೆ ಉದ್ದ ವಿಡಿಯೊ ಮಾಡುವ ಮನಸ್ಸಿದ್ದರೆ ದೂರದ ನೋಟ ಮಾತ್ರ ಅಡ್ಡ ಹಿಡಿದು ಇನ್ನೊಂದು ಸಲ ತೆಗೆಯಿರಿ.

ಶೂಟ್‌ಗೆ ಮೊದಲು ಲೆನ್ಸ್ ಒರೆಸಿ. ಅಡುಗೆ ಮನೆ ಫೋನಿನ ಲೆನ್ಸ್ ಮೇಲೆ ಎಣ್ಣೆ ಜಿಡ್ಡು ಇದ್ದೇ ಇರುತ್ತದೆ, ವಿಡಿಯೊ ಮಂಜು ಮಂಜಾಗಿ ಕಾಣಲು ಹಲವು ಸಲ ಇದೇ ಕಾರಣ. ಸೊನೆ ತೆಗೆಯುವಾಗ ಫೋನ್ ಒಂದು ಮೊಳ ದೂರ ಇರಲಿ. ಲೆನ್ಸ್‌ಗೂ ಕಣ್ಣಿಗೂ ಸೊನೆ ಒಳ್ಳೆಯದಲ್ಲ.

ಮಿಡಿಭರಣಿ

ಮೂರು ಸಂದೇಹ. ಒಳಗೆ ಎಲ್‌ಇಡಿ ಬಲ್ಬಿನಲ್ಲಿ ತೆಗೆದರೆ ಪರದೆ ಮೇಲೆ ಕಪ್ಪು ಪಟ್ಟಿ ಓಡುತ್ತದೆ. ಮಾತು ಸರಿಯಾಗಿ ಕೇಳುವುದಿಲ್ಲ. ಕೆಂಪು ಮಸಾಲೆ ಬಣ್ಣ ಕಿತ್ತಳೆ ಥರ ಬರುತ್ತದೆ.

ಬೆಳಕಿಂಡಿ

ಪಟ್ಟಿ: ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಆದ್ದರಿಂದ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಕ್ಕೆ ಕಾಣುತ್ತದೆ. ಕ್ಯಾಮೆರಾದಲ್ಲಿ ಪ್ರೊ ಮೋಡ್ (ಕೈಯಿಂದಲೇ ಹೊಂದಿಸುವ ವ್ಯವಸ್ಥೆ) ಇದ್ದರೆ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಡಿ, ಪಟ್ಟಿ ಹೋಗುತ್ತದೆ. ಸ್ಲೋ ಮೋಷನ್ ಅನ್ನು ಬಲ್ಬಿನ ಬೆಳಕಿನಲ್ಲಿ ತೆಗೆಯಲೇಬೇಡಿ. ಎಲ್ಲಕ್ಕಿಂತ ಸುಲಭ ದಾರಿ, ಬೆಳಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಜಗುಲಿಯಲ್ಲಿ ತೆಗೆಯುವುದು.

ಬಣ್ಣ: ಕಿಟಕಿಯ ಬೆಳಕು ಮತ್ತು ಬಲ್ಬಿನ ಹಳದಿ ಬೆಳಕು ಎರಡೂ ಬಿದ್ದರೆ ಫೋನ್ ಗೊಂದಲಕ್ಕೆ ಬೀಳುತ್ತದೆ. ಬಲ್ಬು ಆರಿಸಿ. ಕಿಟಕಿ ಪಾತ್ರೆಯ ಪಕ್ಕಕ್ಕೆ ಇರಲಿ, ನಿಮ್ಮ ಬೆನ್ನಿಗೆ ಬೇಡ, ನೆರಳು ಪಾತ್ರೆಗೇ ಬೀಳುತ್ತದೆ. ಎದುರು ಬದಿಗೆ ಒಂದು ಬಿಳಿ ಪಂಚೆಯನ್ನೋ ಥರ್ಮಕೋಲ್ ಹಲಗೆಯನ್ನೋ ನಿಲ್ಲಿಸಿದರೆ ಕಪ್ಪು ನೆರಳು ತಿಳಿಯಾಗುತ್ತದೆ. ಮಸಾಲೆಯನ್ನು ಸ್ಟೀಲ್ ಪಾತ್ರೆಯಲ್ಲಿ ಇಟ್ಟರೆ ಹೊಳಪು ಹೊಡೆದು ಫೋನ್ ಇಡೀ ದೃಶ್ಯವನ್ನು ಕಪ್ಪು ಮಾಡುತ್ತದೆ. ಪಿಂಗಾಣಿ ಅಥವಾ ಮಣ್ಣಿನ ಪಾತ್ರೆ ಒಳ್ಳೆಯದು. ಆಮೇಲೆ ಪರದೆ ಮೇಲೆ ಮಸಾಲೆ ಇರುವ ಜಾಗವನ್ನು ಒತ್ತಿ ಹಿಡಿದು ಬೆಳಕು, ಫೋಕಸ್ ಎರಡನ್ನೂ ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಕೈ ಅಡ್ಡ ಬಂದಾಗಲೆಲ್ಲ ಬೆಳಕು ಏರಿ ಇಳಿಯುತ್ತದೆ.

ಮಾತು: ಶೂಟ್ ಮಾಡುವಾಗಲೇ ಮಾತಾಡಬೇಕೆಂದಿಲ್ಲ. ದೃಶ್ಯ ಬೇರೆ ತೆಗೆಯಿರಿ, ಧ್ವನಿ ಬೇರೆ ಹಿಡಿಯಿರಿ. ಬಟ್ಟೆ ತುಂಬಿದ ಕೋಣೆ, ಫ್ಯಾನ್ ಬಂದ್, ಫೋನ್ ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, ತುಸು ಓರೆಗೆ. ಇಲ್ಲದಿದ್ದರೆ ‘ಪ’, ‘ಭ’ ಬಂದಾಗ ಉಸಿರು ಮೈಕಿಗೆ ಬಡಿಯುತ್ತದೆ. ಕಾಲರ್ ಮೈಕ್ ಕೊಳ್ಳುವುದಾದರೆ ಫೋನಿನ ಕಿಂಡಿ ಮೊದಲು ನೋಡಿ, ಟೈಪ್-ಸಿ ಮಾತ್ರ ಇರುವ ಫೋನಿಗೆ ಉರುಟು ಪಿನ್ನಿನ ಮೈಕ್ ತಂದರೆ ಅಡಾಪ್ಟರ್ ಬೇಕು. ಒರಳಿನ ಸದ್ದು, ಹರಳುಪ್ಪು ಸುರಿಯುವ ಸದ್ದು ಮಾತ್ರ ಅಸಲಿನದೇ ಉಳಿಸಿ. ಸಂಗೀತಕ್ಕಿಂತ ಅದು ಚಂದ.

ಸಂಗೀತ ಅಂದ ಕೂಡಲೇ ನೆನಪಾದದ್ದು: ಬಿಸಿನೆಸ್ ಖಾತೆಗೆ ಇನ್‌ಸ್ಟಾಗ್ರಾಂ ಸಿನಿಮಾ ಹಾಡುಗಳನ್ನು ಕೊಡುವುದಿಲ್ಲ, ಅದರ ಒಡೆಯ ಕಂಪನಿ ಮೆಟಾದ ಉಚಿತ ಸಂಗ್ರಹ ಮಾತ್ರ. ಕ್ರಿಯೇಟರ್ ಖಾತೆಗೆ ಬದಲಿಸಿ ಹಾಡು ಹಾಕಿ ಸರಕು ಮಾರುವವರಿದ್ದಾರೆ, ಹಕ್ಕಿನ ಮಟ್ಟಿಗೆ ಅದೂ ತಪ್ಪೇ. ವಿಡಿಯೊದ ಧ್ವನಿ ಹೋಗಬಹುದು, ವಿಡಿಯೊವೇ ಹೋಗಬಹುದು. ಯೂಟ್ಯೂಬ್‌ನಲ್ಲಿ ಒಂದು ನಿಮಿಷ ಮೀರಿದ ಶಾರ್ಟ್‌ಗೆ ಹಾಡಿನ ಹಕ್ಕುಸ್ವಾಮ್ಯದ ಕ್ಲೇಮ್ ಬಂದರೆ ಅದು ಪೂರ್ತಿ ಬ್ಲಾಕ್ ಆಗುತ್ತದೆ.

ಅಕ್ಷರಜೋಡಣೆ

ಮೊದಲ ಎರಡು ಸೆಕೆಂಡ್ ಬಗ್ಗೆ ಯಾರೂ ಹೇಳಲಿಲ್ಲ. ‘ನಮಸ್ಕಾರ ಸ್ನೇಹಿತರೇ, ಇವತ್ತಿನ ವಿಡಿಯೊದಲ್ಲಿ’ ಅನ್ನುವಷ್ಟರಲ್ಲಿ ಬೆರಳು ಮೇಲೆ ಸರಿದಿರುತ್ತದೆ. ನೇರ ಕೆಲಸದ ಮಾತಿನಿಂದ ಶುರು ಮಾಡಿ: ‘ತೊಟ್ಟು ಮುರಿದ ಮಿಡಿ ಬೇಗ ಮೆತ್ತಗಾಗುತ್ತದೆ. ಅದಕ್ಕೇ ಇಷ್ಟನ್ನು ಬೇರೆ ಇಟ್ಟಿದ್ದೇವೆ.’ ಬೆರಳು ಆರಿಸುತ್ತಿರುವ ದೃಶ್ಯದ ಮೇಲೆ ಈ ಮಾತು. ಮಿಡಿ ಗೊತ್ತಿರುವವರು ನಿಲ್ಲುತ್ತಾರೆ, ಗೊತ್ತಿಲ್ಲದವರು ಹೋಗುತ್ತಾರೆ. ನಿಮಗೆ ಬೇಕಿರುವುದು ನಿಲ್ಲುವವರೇ. ಆ 38 ಸಾವಿರದ ರೀಲ್‌ನಲ್ಲಿ ಏನಿತ್ತು ಗೊತ್ತಿಲ್ಲ, ಆದರೆ ಕೆಂಪು ಮಸಾಲೆ ಕಲೆಸುವ ದೃಶ್ಯ ಯಾವ ಭಾಷೆಯವರಿಗೂ ನೋಡಲು ಚಂದ. ನೋಡಿದವರಲ್ಲಿ ಎಷ್ಟು ಜನ ಬೆಂಗಳೂರು, ಶಿವಮೊಗ್ಗ, ಹುಬ್ಬಳ್ಳಿಯವರು ಅಂತ ಇನ್‌ಸೈಟ್ಸ್‌ನಲ್ಲಿ (ಇನ್‌ಸ್ಟಾಗ್ರಾಂ ಕೊಡುವ ಅಂಕಿಅಂಶ) ಊರುಗಳ ಪಟ್ಟಿ ತೆಗೆದು ನೋಡಿ.

ಅಕ್ಷರದ ವಿಷಯ. ಕನ್ನಡ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಗೀಚಿದ ಹಾಗೆ ಕಾಣುತ್ತದೆ, ಹುಡುಕಿದವರಿಗೂ ಸಿಗುವುದಿಲ್ಲ. ಎಡಿಟಿಂಗ್ ಆ್ಯಪ್‌ಗಳ ಅಲಂಕಾರದ ಅಕ್ಷರಶೈಲಿಗಳಲ್ಲಿ ಹೆಚ್ಚಿನವಕ್ಕೆ ಕನ್ನಡವೇ ಇರುವುದಿಲ್ಲ. ಕೆಲವದರಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬೀಳುತ್ತದೆ, ಇಲ್ಲವೇ ಅರ್ಧ ಕತ್ತರಿಸುತ್ತದೆ. ಬಾಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡ ಎರಡೂ ಉಚಿತ, ದಪ್ಪ ಅಕ್ಷರವೂ ಇದೆ. ಹೊಸ ಆ್ಯಪ್‌ನಲ್ಲಿ ‘ಅಪ್ಪೆ, ಉಪ್ಪಿನಕಾಯಿ, ಸ್ತ್ರೀ, ಕ್ಷ, ರ್ಕ’ ಇಷ್ಟನ್ನು ಬರೆದು ಎಕ್ಸ್‌ಪೋರ್ಟ್ ಮಾಡಿ ನೋಡಿ, ಎಡಿಟ್ ಮಾಡುವಾಗ ಸರಿ ಕಂಡು ಎಕ್ಸ್‌ಪೋರ್ಟ್‌ನಲ್ಲಿ ಒಡೆಯುವುದೂ ಉಂಟು.

ಅಕ್ಷರ ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಮೆಟಾ ಜಾಹೀರಾತಿಗೆ ಕೊಟ್ಟ ಅಳತೆಯನ್ನೇ ಎಲ್ಲಕ್ಕೂ ಬಳಸಿ: ಮೇಲೆ 14%, ಕೆಳಗೆ 35%, ಎರಡು ಬದಿ 6% ಖಾಲಿ. 1080×1920ರ ಚೌಕಟ್ಟಿನಲ್ಲಿ ಮೇಲೆ ಸುಮಾರು 270, ಕೆಳಗೆ ಸುಮಾರು 670 ಪಿಕ್ಸೆಲ್. ಕೆಳಗೆ ಬೆಲೆ ಬರೆದರೆ ಅದರ ಮೇಲೆ ಖಾತೆಯ ಹೆಸರು, ವಿವರಣೆ ಬಂದು ಕೂರುತ್ತದೆ. ಬೆಲೆ ಕೇಳಿ ಬಂದ ಮೆಸೇಜ್‌ಗಳಿಗೆ ಇದೂ ಒಂದು ಕಾರಣ ಆಗಿರಬಹುದು, ಪರೀಕ್ಷಿಸಿ.

ಮಿಡಿಭರಣಿ

ಬೆಲೆ ಬರೆದದ್ದು ಕೆಳಗೇ. ಬೇರೆ ಫೋನಿನಲ್ಲಿ ನೋಡಿದರೆ ಪೂರ್ತಿ ಮುಚ್ಚಿಹೋಗಿದೆ. ಊರುಗಳ ಪಟ್ಟಿಯಲ್ಲಿ ಮೊದಲ ನಾಲ್ಕರಲ್ಲಿ ಮೂರು ಕರ್ನಾಟಕದ ಹೊರಗಿನವು.

ಮಾತು ನಮ್ಮ ಕಡೆಯ ಕನ್ನಡದಲ್ಲೇ ಇರಲಾ, ಪುಸ್ತಕದ ಕನ್ನಡದಲ್ಲಿರಲಾ?

ಪೇಡೆಯೂರು

ನಿಮ್ಮ ಕಡೀದ ಇರಲಿ. ಮಿಡಿ ತಿಂದು ಬೆಳೆದ ಮಂದಿ ಬೆಂಗಳೂರಾಗ ಕುಂತು ಆ ಮಾತು ಕೇಳಿದರ ಕೈ ತಾನ ನಿಲ್ಲತೈತಿ.

ಅಕ್ಷರಜೋಡಣೆ

ಮಾತು ಊರಿನದು, ಪರದೆ ಮೇಲಿನ ಅಕ್ಷರ ಎಲ್ಲರಿಗೂ ತಿಳಿಯುವ ಕನ್ನಡ. ಸದ್ದು ನಿಲ್ಲಿಸಿ ನೋಡುವವರು ಬಹಳ, ಅವರಿಗೆ ಅಕ್ಷರವೇ ದಾರಿ. ವಿವರಣೆಯಲ್ಲಿ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ನಮ್ಮ ಜನ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿಯೇ ಹೆಚ್ಚು. ‘ಅಪ್ಪೆಮಿಡಿ’, ‘ಅಪ್ಪೆ ಮಿಡಿ’, ‘ಮಾವಿನ ಮಿಡಿ ಉಪ್ಪಿನಕಾಯಿ’ ಮೂರೂ ರೂಪ ಬರಲಿ. ಹ್ಯಾಶ್‌ಟ್ಯಾಗ್ ಮೂರೋ ನಾಲ್ಕೋ ಸಾಕು, ಹೆಚ್ಚು ತುರುಕುವುದರಿಂದ ಏನೂ ಆಗುವುದಿಲ್ಲ.

ಯೂಟ್ಯೂಬ್ ಬೇಕಾ ಅಂದಿರಿ. ಬೇಕು, ಆದರೆ ಬೇರೆ ಕಾರಣಕ್ಕೆ. ರೀಲ್‌ನ ಓಟ ಕೆಲವು ದಿನ. ‘ಮಿಡಿ ಉಪ್ಪಿನಕಾಯಿ ಹಾಕುವ ವಿಧಾನ’ ಅಂತ ಪ್ರತಿ ವರ್ಷ ಮಿಡಿ ಕಾಲದಲ್ಲಿ ಜನ ಯೂಟ್ಯೂಬ್‌ನಲ್ಲಿ ಹುಡುಕುತ್ತಾರೆ. 8ರಿಂದ 12 ನಿಮಿಷದ ಒಂದು ಅಡ್ಡ ವಿಡಿಯೊ, ಪ್ರಮಾಣ ಸಮೇತ, ಬಚ್ಚಿಡದೆ ಮಾಡಿ ಹಾಕಿ. ಗುಟ್ಟು ಹೋದರೆ ವ್ಯಾಪಾರ ಹೋದೀತು ಅಂತ ಹೆದರಬೇಡಿ. ನೋಡಿದವರಲ್ಲಿ ಹೆಚ್ಚಿನವರಿಗೆ ಒಳ್ಳೆಯ ಮಿಡಿಯೇ ಸಿಗುವುದಿಲ್ಲ. ಅನಂತಭಟ್ಟನ ಅಪ್ಪೆ, ಜೀರಿಗೆ ಮಿಡಿ ತಳಿಗಳ ಪರಿಮಳದ ವ್ಯತ್ಯಾಸ ಬಲ್ಲವರು ನೀವು ಅಂತ ಅದರಿಂದ ಗೊತ್ತಾಗುತ್ತದೆ. ಮುಖಚಿತ್ರ 1280×720, ಅದರ ಮೇಲೆ ನಾಲ್ಕು ಪದಕ್ಕಿಂತ ಹೆಚ್ಚು ಬೇಡ. ಸ್ವಂತ ಮುಖಚಿತ್ರ ಹಾಕಲು ಫೋನ್ ನಂಬರ್ ಪರಿಶೀಲನೆ ಆಗಿರಬೇಕು.

ಶಾರ್ಟ್ಸ್‌ನಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ: ವಿವರಣೆಯಲ್ಲಿ, ಕಾಮೆಂಟ್‌ನಲ್ಲಿ ವಾಟ್ಸ್ಆ್ಯಪ್ ಕೊಂಡಿ ಹಾಕುವುದು. 2023ರ ಆಗಸ್ಟ್ 31ರಿಂದ ಅಲ್ಲಿನ ಕೊಂಡಿ ಒತ್ತಿದರೆ ತೆರೆಯುವುದಿಲ್ಲ. ಶಾರ್ಟ್‌ನಿಂದ ‘ಸಂಬಂಧಿತ ವಿಡಿಯೊ’ ಆಗಿ ನಿಮ್ಮ ಉದ್ದ ವಿಡಿಯೊವನ್ನು ಜೋಡಿಸಿ, ಕೊಂಡಿಯನ್ನು ಆ ಉದ್ದ ವಿಡಿಯೊದ ವಿವರಣೆಯಲ್ಲಿ ಮತ್ತು ಚಾನೆಲ್ ಪುಟದಲ್ಲಿ ಇಡಿ. ಇದಕ್ಕೂ ಖಾತೆಯ ಪರಿಶೀಲನೆ ಮುಗಿದಿರಬೇಕು. ನಂಬರನ್ನು ಪರದೆ ಮೇಲೆ ದೊಡ್ಡದಾಗಿ ಮೂರು ಸೆಕೆಂಡ್ ತೋರಿಸುವುದು ಹಳೆಯ ದಾರಿ, ಈಗಲೂ ನಡೆಯುತ್ತದೆ.

ಲೇಬಲ್‌ನೋಟ

ಪ್ರಚಾರಕ್ಕೆ ಮೊದಲು ಬಾಟಲಿ ವಿಡಿಯೊದಲ್ಲಿ ಕಾಣುವಷ್ಟು ಸರಿ ಇದೆಯಾ ನೋಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿಯ ನಂಬರ್, ಹಸಿರು ಚೌಕದೊಳಗಿನ ಹಸಿರು ಚುಕ್ಕಿ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಬಳಸಬೇಕಾದ ಅವಧಿ, ಎಂಆರ್‌ಪಿ, ತಯಾರಕರ ವಿಳಾಸ, ದೂರಿಗೆ ಫೋನ್. ಸಾಸಿವೆ ಇದೆ ಅನ್ನುವುದು ಪದಾರ್ಥಗಳಲ್ಲಿ ಸ್ಪಷ್ಟವಾಗಿರಲಿ. ರೀಲ್ ಓಡಿದಷ್ಟೂ ಲೇಬಲ್ ನೋಡುವ ಕಣ್ಣು ಹೆಚ್ಚು.

ಮಾತಿನಲ್ಲೂ ಮಿತಿ ಇದೆ. ‘ಸಕ್ಕರೆ ಕಾಯಿಲೆಗೆ ಒಳ್ಳೆಯದು’, ‘ಅಜೀರ್ಣ ಗುಣವಾಗುತ್ತದೆ’ ಥರದ್ದು ಒಂದು ಸಾಲೂ ಬೇಡ. ದಾರಿತಪ್ಪಿಸುವ ಆಹಾರ ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನಲ್ಲಿ 10 ಲಕ್ಷ ರೂಪಾಯಿ ತನಕ ದಂಡ ಇದೆ. ಸೋಡಿಯಂ ಬೆಂಜೊಯೇಟ್ ಹಾಕಿದ್ದರೆ ‘ಸಂರಕ್ಷಕ ಇಲ್ಲ’ ಅನ್ನುವ ಹಾಗಿಲ್ಲ. ‘ಮನೆಯಲ್ಲೇ ಮಾಡಿದ್ದು’ ಅನ್ನುವ ಮಾತನ್ನೂ, ಅದು ಕೊಳ್ಳುವವರಿಗೆ ತಪ್ಪು ಕಲ್ಪನೆ ಕೊಡುವಂತಿದ್ದರೆ 2018ರ ಜಾಹೀರಾತು ನಿಯಮ ಒಪ್ಪುವುದಿಲ್ಲ. ಏನು ಮಾಡುತ್ತೀರೋ ಅದನ್ನೇ ಹೇಳಿ: ‘ಕೈಯಲ್ಲಿ ಆರಿಸಿ, ಭರಣಿಯಲ್ಲಿ ಉಪ್ಪು ಹಾಕಿದ್ದು’. ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ ಅಂತ ಆ ಚಿಹ್ನೆಯನ್ನು ಲೇಬಲ್‌ಗೆ ಹಾಕಬೇಡಿ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಹಕ್ಕು.

ಇನ್ನೊಂದು ಮುಖ್ಯ ವಿಷಯ. ಬೇರೆ ರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕು. ನೋಂದಣಿ ಇಲ್ಲದಿದ್ದರೆ ಮುಂಬೈ, ಚೆನ್ನೈ, ಹೈದರಾಬಾದಿನ ಆರ್ಡರ್ ತೆಗೆದುಕೊಳ್ಳಬೇಡಿ, ಜಾಹೀರಾತನ್ನೂ ಕರ್ನಾಟಕಕ್ಕೇ ಸೀಮಿತ ಮಾಡಿ.

ಲೆಕ್ಕದಪುಸ್ತಕ

ಜಾಹೀರಾತಿನ ಲೆಕ್ಕ ಹಾಕೋಣ. ದಿನಕ್ಕೆ 200 ರೂಪಾಯಿ, ಏಳು ದಿನಕ್ಕೆ 1,400. ಮೇಲೆ 18% ಜಿಎಸ್‌ಟಿ 252. ಒಟ್ಟು 1,652. ಅದರಿಂದ 70 ಮೆಸೇಜ್ ಬಂದು 10 ಆರ್ಡರ್ ಆಯಿತು ಅಂತ ಇಟ್ಟುಕೊಳ್ಳಿ: ಒಂದು ಆರ್ಡರ್ ತರಲು 165 ರೂಪಾಯಿ. ಒಂದು ಬಾಟಲಿಯಲ್ಲಿ ಉಳಿಯುವುದು 120. ಅಂದರೆ ಒಂದೇ ಬಾಟಲಿಯ ಆರ್ಡರ್‌ಗೆ 45 ನಷ್ಟ, ಎರಡು ಬಾಟಲಿಯ ಆರ್ಡರ್‌ಗೆ 75 ಲಾಭ. ಹಾಗಾಗಿ ಜಾಹೀರಾತಿನಲ್ಲಿ ಒಂದು ಬಾಟಲಿಯ ಮಾತೇ ಎತ್ತಬೇಡಿ.

ಪೋಸ್ಟ್ ಕೆಳಗಿನ ‘ಬೂಸ್ಟ್’ ಗುಂಡಿ ಒತ್ತಿದರೆ ಹೆಚ್ಚಾಗಿ ಸಿಗುವುದು ಲೈಕ್, ಪ್ರೊಫೈಲ್ ಭೇಟಿ. ಆ್ಯಡ್ಸ್ ಮ್ಯಾನೇಜರ್ (ಮೆಟಾದ ಜಾಹೀರಾತು ನಡೆಸುವ ಪುಟ) ತೆರೆದು, ವಾಟ್ಸ್ಆ್ಯಪ್ ಸಂದೇಶ ತರುವ ಜಾಹೀರಾತು ಆರಿಸಿ. ಊರು: ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಶಿವಮೊಗ್ಗ. ಭಾಷೆ ಕನ್ನಡ ಅಂತ ಆರಿಸಬೇಡಿ, ಅದು ಫೋನಿನ ಭಾಷೆಗೆ ಹತ್ತಿರದ ಲೆಕ್ಕ, ಕನ್ನಡಿಗರಲ್ಲಿ ಬಹಳ ಜನರ ಫೋನ್ ಇಂಗ್ಲಿಷ್‌ನಲ್ಲಿದೆ. ವಿಡಿಯೊದ ಮಾತೇ ಕನ್ನಡ ಇದ್ದರೆ ಅದೇ ಜರಡಿ.

ಶುರು ಮಾಡಿ ಎರಡನೇ ದಿನಕ್ಕೆ ಚಿತ್ರ ಬದಲಿಸುವುದು, ಹಣ ಏರಿಸಿ ಇಳಿಸುವುದು ಬೇಡ. ಜಾಹೀರಾತನ್ನು ಯಾರಿಗೆ ತೋರಿಸಬೇಕು ಅಂತ ಮೆಟಾ ಕಲಿಯುವ ಹಂತ ಮುಗಿಯಲು ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು, ಕೈಯಾಡಿಸಿದಷ್ಟೂ ಅದು ಮೊದಲಿನಿಂದ ಶುರುವಾಗುತ್ತದೆ. ಯಾವ ರೀಲ್ ಜಾಹೀರಾತಿಗೆ? ಹಣ ಕೊಡದೆಯೇ ಆರ್ಡರ್ ತಂದ ರೀಲ್. ವೀಕ್ಷಣೆ ತಂದದ್ದಲ್ಲ.

ಪೇಡೆಯೂರು

ಇಲ್ಲಿ ನನ್ನ ತಕರಾರು ಐತಿ. ವಾರಕ್ಕ ನಾಕು ಮನಿ ಬೇಕಾದವರು ಜಾಹೀರಾತಿಗೆ ರೊಕ್ಕ ಯಾಕ ಸುರೀಬೇಕು? 400 ಬಾಟಲಿ ಕೊಳ್ಳೂ ಹಳೆ ಗಿರಾಕಿ ಅದಾರಲ್ಲ. ಪ್ರತಿ ಪಾರ್ಸಲ್ಲಿನ್ಯಾಗ 50 ಗ್ರಾಮಿನ ಸಣ್ಣ ಡಬ್ಬಿ ಇಟ್ಟು ‘ಇದು ನಿಮ್ಮ ನೆರೆಮನಿಯವರಿಗೆ’ ಅಂತ ಬರೀರಿ, ಮ್ಯಾಲೆ ಕ್ಯೂಆರ್ ಹಚ್ಚರಿ. ಆ ಡಬ್ಬಿಗೂ ಲೇಬಲ್ ಇರಲಿ. 165 ರೂಪಾಯಿಗೆ ಇಂಥವು ಎಷ್ಟು ಆಗತಾವ ಲೆಕ್ಕ ಹಾಕ್ರಿ.

ಲೆಕ್ಕದಪುಸ್ತಕ

ಒಪ್ಪುತ್ತೇನೆ. ಮೊದಲು ಅದು. ಅದರಿಂದ 100 ಮನೆ ತುಂಬದಿದ್ದರೆ ಮಾತ್ರ ಜಾಹೀರಾತು.

ಕುಡ್ಲದಕಟ್ಟು

ಪ್ಯಾಕಿಂಗ್ ಬಗ್ಗೆ ಹೇಳದೆ ಪ್ರಚಾರದ ಮಾತು ಮುಗಿಯುವುದಿಲ್ಲ ಮಾರಾಯ್ರೆ. ಸೋರಿದ ಒಂದು ಬಾಟಲಿಯ ಫೋಟೊ ಕಾಮೆಂಟಿನಲ್ಲಿ ಬಂದರೆ ಹತ್ತು ರೀಲ್ ಮಾಡಿದ್ದು ವ್ಯರ್ಥ.

ಮಿಡಿ ಉಪ್ಪಿನಕಾಯಿಯಲ್ಲಿ ರಸ ಜಾಸ್ತಿ ಉಂಟು. ಬಾಯಿತನಕ ತುಂಬಬಾರದು, ಒಂದು ಬೆರಳು ಜಾಗ ಬಿಡಿ. ಗಾಜಿನ ಬಾಟಲಿಗೆ ಒಳಗೆ ಲೈನರ್ ಇರುವ ಮುಚ್ಚಳ, ಮೇಲೆ ಟೇಪು, ಅದರ ಮೇಲೆ ಕುಗ್ಗುವ ಪ್ಲಾಸ್ಟಿಕ್ ಪಟ್ಟಿ. ತಲೆಕೆಳಗೆ ಮಾಡಿ ಪೇಪರಿನ ಮೇಲೆ ಒಂದು ರಾತ್ರಿ ಇಡಿ, ಎಣ್ಣೆ ಕಲೆ ಬಿದ್ದರೆ ಆ ಬ್ಯಾಚಿನ ಮುಚ್ಚಳ ಸರಿ ಇಲ್ಲ. ಬಬಲ್ ಶೀಟ್ ಮೂರು ಸುತ್ತು, ಎರಡು ಬಾಟಲಿಯ ನಡುವೆ ರಟ್ಟು, ಡಬ್ಬದೊಳಗೆ ಅಲ್ಲಾಡದ ಹಾಗೆ ಪೇಪರ್ ತುರುಕಿ. ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟು ನೋಡಿ, ಮೂಲೆ ಕೆಳಗಾಗಿ ಒಂದು ಸಲ, ತಳ ಕೆಳಗಾಗಿ ಒಂದು ಸಲ.

ಡಬ್ಬ ದೊಡ್ಡದಾದರೆ ಕೊರಿಯರಿನವರು ಗಾತ್ರದ ತೂಕ ಹಾಕುತ್ತಾರೆ: ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುವುದು. 30×20×20ರ ಡಬ್ಬಕ್ಕೆ ಅದು 2.4 ಕಿಲೊ, ಒಳಗಿನ ಸಾಮಾನು ಒಂದೂವರೆ ಕಿಲೊ ಇದ್ದರೂ. ಎರಡು ಬಾಟಲಿ ಸರಿಯಾಗಿ ಹಿಡಿಯುವ ಅಳತೆಯ ಡಬ್ಬ ಮಾಡಿಸಿ. ಆ ಬೆಲೆಯನ್ನೇ ಕ್ಯಾಟಲಾಗಿನಲ್ಲಿ ಸೇರಿಸಿ.

ಬೀಳಿಸಿ ನೋಡುವುದನ್ನು ವಿಡಿಯೊ ಮಾಡಿ ಹಾಕಿ. ಕೊಳ್ಳುವವರ ದೊಡ್ಡ ಹೆದರಿಕೆ ಅದೇ ಅಲ್ವಾ, ಒಡೆದು ಬರುತ್ತದಾ ಅಂತ.

ಮಿಡಿಭರಣಿ

ಅಡುಗೆ ಪುಟ ನಡೆಸುವವರೊಬ್ಬರು ಬಾಟಲಿ ಉಚಿತ ಕಳಿಸಿದರೆ ರೀಲ್ ಮಾಡುತ್ತೇವೆ ಅಂದಿದ್ದಾರೆ. ಇನ್ನೊಂದು ಮೆಸೇಜ್: ಸೈನ್ಯದ ಕ್ಯಾಂಟೀನಿಗೆ 80 ಬಾಟಲಿ ಬೇಕು, ಮುಂಗಡ ಕೊಡಲು ಕ್ಯೂಆರ್ ಕಳಿಸುತ್ತೇವೆ, ಸ್ಕ್ಯಾನ್ ಮಾಡಿ ಅಂತ.

ಲೇಬಲ್‌ನೋಟ

ಎರಡನೆಯದಕ್ಕೆ ಉತ್ತರಿಸಬೇಡಿ, ಬ್ಲಾಕ್ ಮಾಡಿ. ಹಣ ಪಡೆಯಲು ಸ್ಕ್ಯಾನ್ ಮಾಡುವುದಾಗಲಿ ಯುಪಿಐ ಪಿನ್ ಒತ್ತುವುದಾಗಲಿ ಬೇಕೇ ಇಲ್ಲ. ಸೈನ್ಯದ ಹೆಸರು ಹೇಳುವುದು ಈ ಮೋಸದ ಹಳೆ ವೇಷ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಹಾಗೆಯೇ ‘ದುಡ್ಡು ಹಾಕಿದ್ದೇನೆ’ ಅಂತ ಬರುವ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆಯಲ್ಲಿ ಕಂಡ ಮೇಲೇ ಪಾರ್ಸಲ್. ‘ಹಕ್ಕುಸ್ವಾಮ್ಯ ಉಲ್ಲಂಘನೆ, 24 ಗಂಟೆಯಲ್ಲಿ ನಿಮ್ಮ ಪುಟ ಅಳಿಸುತ್ತೇವೆ’ ಅಂತ ಬರುವ ಮೆಸೇಜ್ ಕೂಡ ಪಾಸ್‌ವರ್ಡ್ ಕದಿಯುವ ಬಲೆ. ಎರಡು ಹಂತದ ಭದ್ರತೆ ಇವತ್ತೇ ಹಾಕಿ.

ಮೊದಲನೆಯದು ತಪ್ಪಲ್ಲ. ಆದರೆ ಉಚಿತ ಬಾಟಲಿ ಕೊಟ್ಟರೂ ಅದು ವ್ಯವಹಾರದ ಸಂಬಂಧವೇ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆ ಪ್ರಕಾರ ರೀಲ್‌ನಲ್ಲಿ ಎದ್ದು ಕಾಣುವಂತೆ, ರೀಲ್‌ನ ಭಾಷೆಯಲ್ಲೇ ಅದನ್ನು ತಿಳಿಸಬೇಕು. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಅಡಗಿಸಿದರೆ ಸಾಲದು.

ಬೆಳಕಿಂಡಿ

ಅವರ ಪುಟದ ಕಾಮೆಂಟುಗಳನ್ನು ಓದಿ ನಿರ್ಧರಿಸಿ. ‘ಸೂಪರ್’, ಬೆಂಕಿ ಚಿಹ್ನೆ ಮಾತ್ರ ಇದ್ದರೆ ಬಿಡಿ. ‘ಎಲ್ಲಿ ಸಿಗುತ್ತದೆ’, ‘ಸಾಸಿವೆ ಎಷ್ಟು’ ಅಂತ ಕನ್ನಡದಲ್ಲಿ ಕೇಳುವವರಿದ್ದರೆ ಎರಡು ಬಾಟಲಿ ಕಳಿಸಿ. ಮೂಲ ವಿಡಿಯೊ ತುಣುಕುಗಳನ್ನು ನಿಮಗೂ ಕೊಡಬೇಕು ಅಂತ ಮೊದಲೇ ಬರವಣಿಗೆಯಲ್ಲಿ ಮಾತಾಡಿಕೊಳ್ಳಿ.

ಮಿಡಿಭರಣಿ

ಮೊದಲ ರೀಲ್‌ಗೆ ಬರೆದ ವಿವರಣೆ ಇದು, ತಿದ್ದಿ ಕೊಡಿ:

‘ಮನೆಯಲ್ಲೇ ಮಾಡಿದ ಶುದ್ಧ ಅಪ್ಪೆಮಿಡಿ ಉಪ್ಪಿನಕಾಯಿ. ಎರಡು ಬಾಟಲಿ, 500 ಗ್ರಾಂ + 500 ಗ್ರಾಂ. ಸ್ಟಾಕ್ ಇರುವ ತನಕ ಮಾತ್ರ. ಬೆಲೆಗೆ ಮೆಸೇಜ್ ಮಾಡಿ.’

ಅಕ್ಷರಜೋಡಣೆ

‘ತೊಟ್ಟು ಇರುವ ಮಿಡಿ ಮಾತ್ರ ಆರಿಸಿ ಭರಣಿಯಲ್ಲಿ ಉಪ್ಪು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿ. ಎರಡು ಬಾಟಲಿ (ತಲಾ 500 ಗ್ರಾಂ), ಕರ್ನಾಟಕದೊಳಗೆ ಕೊರಿಯರ್ ಸೇರಿ … ರೂಪಾಯಿ. ಈ ಭರಣಿಯಲ್ಲಿ ಇನ್ನು 60 ಬಾಟಲಿ ಇದೆ. ಬೇಕಾದವರು ಬಯೋದಲ್ಲಿರುವ ಕೊಂಡಿ ಒತ್ತಿ, ವಿಳಾಸ ಕಳಿಸಿ.’

‘ಮನೆಯಲ್ಲೇ’, ‘ಶುದ್ಧ’ ಎರಡೂ ತೆಗೆದಿದ್ದೇನೆ. 60 ಅನ್ನುವ ಜಾಗದಲ್ಲಿ ನಿಜವಾಗಿ ಇರುವ ಸಂಖ್ಯೆ ಹಾಕಿ, ಪ್ರತಿ ಶನಿವಾರ ಎಣಿಸಿ ಬದಲಿಸಿ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಮೇಲೂ ವಿವರಣೆ ತಿದ್ದಬಹುದು, ಪರದೆ ಮೇಲಿನ ಅಕ್ಷರ ತಿದ್ದಲು ಆಗುವುದಿಲ್ಲ. ಹಾಗಾಗಿ ಸಂಖ್ಯೆಯನ್ನು ವಿಡಿಯೊದೊಳಗೆ ಬರೆಯಬೇಡಿ.

ಕುಡ್ಲದಕಟ್ಟು

ಬೆಲೆಯ ಜಾಗ ಖಾಲಿ ಬಿಟ್ಟಿದ್ದು ನೋಡಿ ಹೇಳುತ್ತಿದ್ದೇನೆ: ಎರಡು ಬಾಟಲಿಯ ಪಾರ್ಸಲ್ ಕಟ್ಟಿ, ತೂಗಿ, ಬೀದರ್‌ಗೂ ಬೆಂಗಳೂರಿಗೂ ದರ ಕೇಳಿ. ದೂರದ್ದೇ ಹಿಡಿದು ಬೆಲೆ ಬರೆಯಿರಿ.